ಶನಿವಾರದ ಬಟವಾಡೆ

ಆ ಮೆಸೇಜು ನಿಮಗೂ ಬಂದಿರುತ್ತೆ. ಅಭಿನಂದನೆಗಳು, ನಿಮಗೆ 12 ಲಕ್ಷ ರೂಪಾಯಿ ಪರ್ಸನಲ್ ಲೋನ್ ಪ್ರೀ-ಅಪ್ರೂವ್ಡ್ ಆಗಿದೆ, ಕಾಗದಪತ್ರ ಏನೂ ಬೇಡ, ಇಲ್ಲಿ ಒತ್ತಿ. ನಾನು ಸಾಮಾನ್ಯವಾಗಿ ಓದದೇ ಅಳಿಸಿಬಿಡ್ತೀನಿ. 2022ರ ನವೆಂಬರ್‌ನ ಒಂದು ದಿನ ಮಾತ್ರ ಪೂರ್ತಿ ಓದಿದೆ. ಅದು ಬಂದಾಗ ನಾನು ತುಮಕೂರಿನ ಒಂದು ಬ್ಯಾಂಕಿನಲ್ಲಿ, ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚಿನ ಮೇಲೆ, ಅಪ್ಪನ ಪಕ್ಕ ಕೂತಿದ್ದೆ. ಮೆಸೇಜು ಕಳಿಸಿದ್ದು ಅದೇ ಬ್ಯಾಂಕು. ಅಪ್ಪ ಅಲ್ಲಿಗೆ ಬಂದಿದ್ದು 8 ಲಕ್ಷ ಕೇಳೋದಕ್ಕೆ.

ಅಪ್ಪನ ತೊಡೆ ಮೇಲೆ ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ಪಿಡಬ್ಲ್ಯುಡಿ ಲೈಸೆನ್ಸು, ಉದ್ಯಮ್ ಸರ್ಟಿಫಿಕೇಟು, ಹೊಸ ಕೆಲಸದ ವರ್ಕ್ ಆರ್ಡರು, ಮೂರು ವರ್ಷದ ಐಟಿ ರಿಟರ್ನ್ಸು, ಜಿಎಸ್‌ಟಿ ಕಾಗದ, ಪಾಸ್‌ಬುಕ್ಕಿನ ಜೆರಾಕ್ಸು. ಇವೆಲ್ಲದರ ಕೆಳಗೆ, ಯಾರೂ ಕೇಳದಿದ್ದ ಒಂದು ಫೋಟೋ ಆಲ್ಬಮ್ಮು. ಮದುವೆ ಮನೆಯ ಆಲ್ಬಮ್ಮಿನ ಥರದ್ದು. ಒಳಗೆ ಅಂಗನವಾಡಿ, ಬಸ್ ಶೆಲ್ಟರು, ಚರಂಡಿ, ಸಿಸಿ ರಸ್ತೆ, ಶಾಲೆಯ ಕಾಂಪೌಂಡು. ಒಂದೊಂದು ಫೋಟೋದಲ್ಲೂ ಅಪ್ಪ ಕಟ್ಟಡದ ಒಂದು ಮೂಲೆಯಲ್ಲಿ, ಫೋಟೋ ತೆಗೆಸಿಕೊಳ್ಳೋಕೆ ಬಂದವನಲ್ಲ ಅನ್ನೋ ಹಾಗೆ ಎಲ್ಲೋ ನೋಡ್ತಾ ನಿಂತಿದ್ದಾನೆ.

ಅಪ್ಪ ಎಸ್ಸೆಸ್ಸೆಲ್ಸಿ ಫೇಲು. ಗಾರೆ ಕೆಲಸಕ್ಕೆ ಕೈಯಾಳಾಗಿ ಹೋಗಿ, ಕರಣೆ ಹಿಡಿಯೋದು ಕಲಿತು, ಮೇಸ್ತ್ರಿ ಆಗಿ, ನಾನು ಹೈಸ್ಕೂಲಿಗೆ ಹೋಗೋ ಹೊತ್ತಿಗೆ ಲೈಸೆನ್ಸ್ ಮಾಡಿಸಿಕೊಂಡು ಕಂಟ್ರಾಕ್ಟರ್ ಆದವನು. ಕಂಟ್ರಾಕ್ಟರ್ ಅಂದಕೂಡಲೇ ನಿಮ್ಮ ಕಣ್ಣಮುಂದೆ ಬರೋ ಚಿನ್ನದ ಚೈನು, ಬಿಳಿ ಫಾರ್ಚುನರ್ ಎಲ್ಲ ಬೇರೆ ಜಾತಿಯವು. ಅಪ್ಪನ ಹತ್ತಿರ ಇರೋದು ಹಳೇ ಸ್ಪ್ಲೆಂಡರು, ಕಾಂಕ್ರೀಟ್ ಕಲಸೋ ಒಂದು ಮಿಷನ್ನು, ಸೆಂಟ್ರಿಂಗ್ ಶೀಟುಗಳು. ವರ್ಷಕ್ಕೆ ಮಾಡೋ ಕೆಲಸ ಸುಮಾರು 40 ಲಕ್ಷದ್ದು. ಸರ್ಕಾರದ ಲೆಕ್ಕದಲ್ಲಿ ಅವನು 'ಸೂಕ್ಷ್ಮ ಉದ್ಯಮ'. ಆಗ 5 ಕೋಟಿ ವಹಿವಾಟಿನ ತನಕ ಎಲ್ಲರೂ ಸೂಕ್ಷ್ಮವೇ, ಹಾಗಾಗಿ ಅಪ್ಪ ಆ ಸೂಕ್ಷ್ಮದಲ್ಲೂ ಸೂಕ್ಷ್ಮ.

ಆ ಸಲ ಸಿಕ್ಕಿದ್ದು ಒಂದು ಸರ್ಕಾರಿ ಶಾಲೆಗೆ ಎರಡು ಕೊಠಡಿ, 26 ಲಕ್ಷದ ಕೆಲಸ. ಅಪ್ಪನ ಅಳತೆಗೆ ದೊಡ್ಡದು.

ಇಂಥ ಕೆಲಸದ ದುಡ್ಡು ಹೇಗೆ ಓಡಾಡುತ್ತೆ ಅಂತ ನಾನು ಇಂಜಿನಿಯರಿಂಗ್ ಓದುವಾಗಲೂ ಸರಿಯಾಗಿ ತಿಳ್ಕೊಂಡಿರಲಿಲ್ಲ. ಹೋಗೋ ದುಡ್ಡಿಗೆಲ್ಲ ತಾರೀಖಿದೆ. ಆಳುಗಳಿಗೆ ಶನಿವಾರ ಸಂಜೆ ಬಟವಾಡೆ. ಅವರು ರಾಯಚೂರು, ಯಾದಗಿರಿ ಕಡೆಯಿಂದ ಬಂದವರು, ಕೆಲಸದ ಜಾಗದಲ್ಲೇ ಶೆಡ್ ಹಾಕ್ಕೊಂಡಿರ್ತಾರೆ, ಭಾನುವಾರ ಸಂತೆ ಮಾಡಬೇಕು. ಒಂದು ಶನಿವಾರ ತಪ್ಪಿದ್ರೆ ಸೋಮವಾರ ಅರ್ಧ ಜನ ಇನ್ನೊಬ್ಬರ ಸೈಟಿನಲ್ಲಿರ್ತಾರೆ. ಎಂ-ಸ್ಯಾಂಡ್, ಜಲ್ಲಿ ಲಾರಿಯವನಿಗೆ ಲೋಡು ಇಳಿಸಿದ ಕೂಡಲೇ ನಗದು. ಸಿಮೆಂಟು, ಕಂಬಿ ಹಾರ್ಡ್‌ವೇರ್ ಅಂಗಡಿಯಿಂದ ಉದ್ರಿ. ಆದರೆ ಅಂಗಡಿಯಲ್ಲಿ ನಗದು ರೇಟು ಬೇರೆ, ಉದ್ರಿ ರೇಟು ಬೇರೆ. ಮೂಟೆಗೆ ಇಪ್ಪತ್ತು ರೂಪಾಯಿ ಜಾಸ್ತಿ ಅಂದ್ರೆ ಏನಂತೆ ಅನ್ನಿಸಬಹುದು, ಮೂಟೆಗಳು ಸಾವಿರದ ಲೆಕ್ಕದಲ್ಲಿ ಹೋಗ್ತವೆ.

ಬರೋ ದುಡ್ಡಿಗೆ ತಾರೀಖಿಲ್ಲ. ಇಂಜಿನಿಯರು ಬಂದು ಅಳತೆ ತಗೊಂಡು ಎಂ.ಬಿ. ಬರೀಬೇಕು, ಮೇಲಿನವರು ಅದನ್ನ ನೋಡಬೇಕು, ಬಿಲ್ ಪಾಸಾಗಬೇಕು, ಆಮೇಲೆ ಎಲ್‌ಒಸಿ ಬಿಡುಗಡೆ ಆಗಬೇಕು, ಅಂದ್ರೆ ಆ ಕಚೇರಿಗೆ ದುಡ್ಡು ಬರಬೇಕು. 'ಎಂ.ಬಿ. ಆಗಿದೆ', 'ಬಿಲ್ ಪಾಸಾಗಿದೆ', 'ಎಲ್‌ಒಸಿ ಬಂದಿಲ್ಲ' — ನಮ್ಮನೆಯಲ್ಲಿ ನಾನು ಕೇಳ್ಕೊಂಡು ಬೆಳೆದ ಮೂರು ಸಾಲುಗಳು ಇವು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಾನು ಒಂದು ತರಗತಿ ಪಾಸಾಗಿ ಮುಂದಕ್ಕೆ ಹೋಗಿರೋದೂ ಉಂಟು.

ಈ ಸಂದನ್ನ ಅಪ್ಪ ತುಂಬ್ತಿದ್ದದ್ದು ಮೂರು ದಾರಿಯಲ್ಲಿ. ಒಂದು, ಚೀಟಿ. 20 ಜನರ 5 ಲಕ್ಷದ ಚೀಟಿಯನ್ನ ನಾಲ್ಕನೇ ತಿಂಗಳಿಗೇ ಕೂಗಿ, ಒಂದು ಲಕ್ಷದ ಮೇಲೆ ಬಿಟ್ಟುಕೊಟ್ಟು, 3.8 ಲಕ್ಷ ತಗೊಂಡು ಬರ್ತಿದ್ದ. ಎರಡು, ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ನಮ್ಮ ಕಡೆ ಬಡ್ಡಿ ಹೇಳೋದು ತಿಂಗಳ ಲೆಕ್ಕದಲ್ಲಿ, ವರ್ಷಕ್ಕೆ ನೂರಕ್ಕೆ ಮೂವತ್ತಾರು ಅಂತ ಕೂಡಿಸಿ ಹೇಳಿದ್ರೆ ಯಾರೂ ಸಾಲ ಮಾಡಲ್ವೇನೋ. ಮೂರು, ಅಮ್ಮನ ಸರ. ಅಮ್ಮನ ಕುತ್ತಿಗೆ ನೋಡಿದ್ರೆ ಅಪ್ಪನ ಕೆಲಸ ಯಾವ ಹಂತದಲ್ಲಿದೆ ಅಂತ ಗೊತ್ತಾಗ್ತಿತ್ತು. ಪಾಯ ತೋಡುವಾಗ ಗಿರವಿ ಅಂಗಡಿಗೆ ಹೋದ ಸರ ಫೈನಲ್ ಬಿಲ್ಲಿಗೆ ವಾಪಸ್ ಬರ್ತಿತ್ತು. ನಾನು ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲೂ ಒಡವೆ ಹೀಗೇ ಹೋಗಿ ಬರುತ್ತೆ ಅಂದ್ಕೊಂಡಿದ್ದೆ.

ನನಗೆ ಕೆಲಸ ಸಿಕ್ಕಿ, ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಸಾಫ್ಟ್‌ವೇರ್ ಟೆಸ್ಟ್ ಮಾಡ್ಕೊಂಡು ನಾಲ್ಕು ವರ್ಷ ಕಳೆದಿತ್ತು. ಓದಿದ ಮಗಳ ಗತ್ತಿನಲ್ಲಿ ನಾನೇ ಹೇಳಿದ್ದು, "ಈ ಸಲ ಚೀಟಿ ಗೀಟಿ ಬೇಡ ಅಪ್ಪ, ಬ್ಯಾಂಕಿಗೆ ಹೋಗೋಣ" ಅಂತ.

ಮ್ಯಾನೇಜರು ಹೆಚ್ಚುಕಮ್ಮಿ ನನ್ನ ವಯಸ್ಸಿನವರು. ಬಿಹಾರದ ಕಡೆಯವರು, ಕನ್ನಡ ಅಷ್ಟಿಷ್ಟು ಕಲಿತಿದ್ರು, ಅಪ್ಪನ್ನ 'ಅಂಕಲ್' ಅಂದ್ರು, ಟೀ ತರಿಸಿದ್ರು. ಇಂಥ ಬರಹದಲ್ಲಿ ಬ್ಯಾಂಕ್ ಮ್ಯಾನೇಜರ್ ಖಳನಾಯಕ ಆಗಿದ್ರೆ ನನ್ನ ಕೆಲಸ ಸುಲಭ ಆಗ್ತಿತ್ತು. ಅವರು ಹಾಗಿರಲಿಲ್ಲ. ಪ್ರತಿ ಕಾಗದವನ್ನೂ ತಿರುವಿ ಓದಿದ್ರು. ರಿಟರ್ನ್ಸ್ ಬಂದಾಗ ನಿಂತರು.

"ಅಂಕಲ್, ವರ್ಷಕ್ಕೆ ಆದಾಯ 2 ಲಕ್ಷ 40 ಸಾವಿರ?"

ಅಪ್ಪ ನನ್ನ ಮುಖ ನೋಡಿದ. "ಆಡಿಟ್ರು ಅಷ್ಟೇ ಸಾಕು ಅಂದ್ರು ಸಾರ್."

ಇದರ ಹಿಂದಿನ ಲೆಕ್ಕ ಹೀಗೆ. ಸಣ್ಣ ವಹಿವಾಟಿನವರು ಪುಸ್ತಕ ಇಟ್ಟು ಆಡಿಟ್ ಮಾಡಿಸೋ ತಾಪತ್ರಯ ಬೇಡ ಅಂತ ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿ ಅಂತ ಒಂದು ಸೆಕ್ಷನ್ ಇತ್ತು. ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ನೂರಕ್ಕೆ ಆರು, ನಗದಿನದ್ದಕ್ಕೆ ನೂರಕ್ಕೆ ಎಂಟು ಲಾಭ ಅಂತ ತೋರಿಸಿದ್ರೆ ಸಾಕು. ಅದಕ್ಕಿಂತ ಜಾಸ್ತಿ ಬಂದಿದ್ರೆ ಜಾಸ್ತಿ ತೋರಿಸಬೇಕು, ಆದರೆ ಆಡಿಟರು ಆರಕ್ಕೇ ನಿಲ್ಲಿಸ್ತಿದ್ರು. 40 ಲಕ್ಷಕ್ಕೆ ಆರರಂತೆ 2.40 ಲಕ್ಷ. ಎರಡೂವರೆ ಲಕ್ಷದ ಒಳಗೆ, ತೆರಿಗೆ ಸೊನ್ನೆ. ಪ್ರತಿ ಜುಲೈನಲ್ಲಿ ಅಪ್ಪ ಈ ಸೊನ್ನೆ ನೋಡಿ ಖುಷಿಯಿಂದ ಆಡಿಟರಿಗೆ ಸಾವಿರದೈನೂರು ಕೊಟ್ಟು ಬರ್ತಿದ್ದ.

ಮ್ಯಾನೇಜರು ಕ್ಯಾಲ್ಕ್ಯುಲೇಟರ್ ನಮ್ಮ ಕಡೆ ತಿರುಗಿಸಿದ್ರು. 8 ಲಕ್ಷ, ಐದು ವರ್ಷ, ಶೇ. 12ರಂತೆ ಹಿಡಿದ್ರೂ ತಿಂಗಳಿಗೆ 17,796. ವರ್ಷಕ್ಕೆ 2.13 ಲಕ್ಷ. "ಉಳಿಯೋದು 26 ಸಾವಿರ ಅಂಕಲ್. ಮನೆಯವರೆಲ್ಲ ವರ್ಷಪೂರ್ತಿ ಏನು ತಿಂತೀರಿ?" ಕೊಂಕಿನಿಂದ ಕೇಳಿದ್ದಲ್ಲ. ನಿಜವಾಗ್ಲೂ ಆ ಕಾಗದದ ಪ್ರಕಾರ ನಾವು ಏನು ತಿಂತಿದ್ದೀವಿ ಅಂತ ನನಗೂ ಗೊತ್ತಾಗಲಿಲ್ಲ.

ಸಿಬಿಲ್ ತೆಗೆದು ನೋಡಿದ್ರು. ಅಂಕ 300ರಿಂದ 900ರ ನಡುವೆ ಇರುತ್ತೆ ಅಂತ ನಮಗೆಲ್ಲ ಗೊತ್ತು. ಅಪ್ಪನದು ಮೈನಸ್ ಒಂದು ಅಂತ ಬಂತು. ಎದೆ ಧಸಕ್ ಅಂತು. ತಪ್ಪೇನೂ ಮಾಡಿಲ್ಲ ಮೇಡಂ, ಹಿಸ್ಟರಿಯೇ ಇಲ್ಲ ಅಂತ ಅರ್ಥ, ಅಂದ್ರು. ಅಷ್ಟು ವರ್ಷದಿಂದ ಸಾಲ ಮಾಡಿ, ಒಂದನ್ನೂ ಮುಳುಗಿಸದೆ ತೀರಿಸ್ತಾ ಬಂದ ಮನುಷ್ಯನಿಗೆ ಹಿಸ್ಟರಿಯೇ ಇಲ್ಲ. ಹಾರ್ಡ್‌ವೇರ್ ಅಂಗಡಿ, ಚೀಟಿಯವರು, ಗಿರವಿ ಅಂಗಡಿ ಇವರ್ಯಾರೂ ಸಿಬಿಲ್‌ಗೆ ವರದಿ ಕಳಿಸಲ್ಲ. ನನ್ನದು 780 ಇತ್ತು, ಒಂದು ಫೋನು ಕಂತಿನಲ್ಲಿ ತಗೊಂಡು, ಕ್ರೆಡಿಟ್ ಕಾರ್ಡಲ್ಲಿ ಪಿಜ್ಜಾ ತಿಂದು ಸಂಪಾದಿಸಿದ್ದು.

ಅಡ ಇಡೋಕೆ ಏನಿದೆ ಅಂದ್ರು. ಊರಿನ ಜಮೀನು ಇನ್ನೂ ತಾತನ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ, ದೊಡ್ಡಪ್ಪಂದಿರು ಸೈನ್ ಹಾಕಬೇಕು. ಅದು ಇನ್ನೊಂದು ಪುಸ್ತಕ ಬರೆಯೋ ವಿಷಯ. ಇರೋ ಮನೆ ರೆವಿನ್ಯೂ ಸೈಟಿನದ್ದು.

ಆ ದಿನ ವಾಪಸ್ ಬಂದೆವು. ನಾನು ಸುಮ್ಮನಿರಲಿಲ್ಲ. ರಾತ್ರಿ ಕೂತು ಓದಿದೆ. ನಾಯಕ್ ಸಮಿತಿ ಅಂತ 1990ರ ದಶಕದ ಶುರುವಿನಲ್ಲಿ ಒಂದಿತ್ತು. ಸಣ್ಣ ಉದ್ಯಮಕ್ಕೆ ಓಡಾಟದ ಬಂಡವಾಳ ಎಷ್ಟು ಕೊಡಬೇಕು ಅನ್ನೋದಕ್ಕೆ ಅದರ ಸೂತ್ರ ಸರಳ: ವರ್ಷಕ್ಕೆ ಅಂದಾಜು ಮಾಡಿದ ವಹಿವಾಟಿನ ಶೇ. 20. 40 ಲಕ್ಷಕ್ಕೆ ಶೇ. 20 ಅಂದ್ರೆ ಎಷ್ಟು ಹೇಳಿ? 8 ಲಕ್ಷ! ಪರೀಕ್ಷೆಯಲ್ಲಿ ಉತ್ತರ ಸರಿ ಬಂದವಳ ಹಾಗೆ ಹಾಸಿಗೆ ಮೇಲೆ ಎದ್ದು ಕೂತೆ. ಜೊತೆಗೆ 2000ದಿಂದ ಸಿಜಿಟಿಎಂಎಸ್‌ಇ ಅಂತ ಗ್ಯಾರಂಟಿ ಟ್ರಸ್ಟ್ ಇದೆ, ಅಡವಿಲ್ಲದೆ ಕೊಟ್ಟ ಸಾಲ ಮುಳುಗಿದ್ರೆ ಬಹುಪಾಲು ಅದು ತುಂಬಿಕೊಡುತ್ತೆ. 2015ರಿಂದ ಮುದ್ರಾ ಇದೆ, ಆಗ 10 ಲಕ್ಷದ ತನಕ. 10 ಲಕ್ಷದೊಳಗಿನ ಸಾಲಕ್ಕೆ ಇಂಥ ಘಟಕಗಳ ಹತ್ತಿರ ಅಡ ಕೇಳಬೇಡಿ ಅಂತ ಆಗ ರಿಸರ್ವ್ ಬ್ಯಾಂಕೇ ಹೇಳಿತ್ತು. ಎಲ್ಲ ಪ್ರಿಂಟ್ ತಗೊಂಡು, ಹಳದಿ ಗೆರೆ ಎಳೆದು, ಮುಂದಿನ ಶುಕ್ರವಾರ ರಜೆ ಹಾಕಿ ಮತ್ತೆ ಹೋದೆ.

ಮ್ಯಾನೇಜರು ನನ್ನ ಹಳದಿ ಗೆರೆಗಳನ್ನ ತಾಳ್ಮೆಯಿಂದ ನೋಡಿದ್ರು. "ನೀವು ಹೇಳೋದೆಲ್ಲ ಸರಿ ಮೇಡಂ." ಆಮೇಲೆ ಒಂದೊಂದಾಗಿ ಕೇಳಿದ್ರು. ಇಂಥ ಲಿಮಿಟ್ ಕೊಟ್ಟ ಮೇಲೆ ಸ್ಟಾಕು ಎಷ್ಟಿದೆ, ಬಾಕಿ ಬರಬೇಕಾದ್ದು ಎಷ್ಟಿದೆ ಅಂತ ಲೆಕ್ಕ ತಗೋಬೇಕು. ಅಂಕಲ್ ಸ್ಟಾಕ್ ಎಲ್ಲಿದೆ? ಕಿರಾಣಿ ಅಂಗಡಿಯವನು ಗೋಡೌನ್ ತೋರಿಸ್ತಾನೆ. ಅಪ್ಪನ ಸಿಮೆಂಟು ಬಂದ ವಾರದಲ್ಲೇ ಪಾಯ ಸೇರಿರುತ್ತೆ. ಸರ್ಕಾರದ ಜಾಗದಲ್ಲಿ, ಸರ್ಕಾರದ ಕಟ್ಟಡ ಆಗಿರುತ್ತೆ. ಅದನ್ನ ಬ್ಯಾಂಕು ಕಿತ್ತು ತಗೊಂಡು ಹೋಗೋಕಾಗಲ್ಲ.

"ಹೋಗಲಿ, ಬರಬೇಕಾದ ಬಿಲ್ಲು ಲೆಕ್ಕಕ್ಕೆ ಹಿಡಿಯೋಣ. 90 ದಿನಕ್ಕಿಂತ ಹಳೇದಾದ್ರೆ ಅದನ್ನ ಬಿಡಬೇಕಾಗುತ್ತೆ. ಅಂಕಲ್, ನಿಮ್ಮ ಬಿಲ್ ಎಷ್ಟು ದಿನಕ್ಕೆ ಬರುತ್ತೆ?"

ಲೆಕ್ಕದಲ್ಲಿ ಅಪ್ಪ ಸುಳ್ಳು ಹೇಳಿದ್ದನ್ನ ನಾನು ನೋಡಿಲ್ಲ. ಆವತ್ತು ಒಂದು ಸಲ ಹೇಳಿದ್ರೆ ಚೆನ್ನಾಗಿತ್ತು ಅನ್ನಿಸ್ತು. ಮೇಜಿನ ಕೆಳಗೆ ಅವನ ಕಾಲು ತುಳಿಯೋಣ ಅನ್ನೋಷ್ಟರಲ್ಲಿ, "ಹೋದ ಕೆಲಸದ್ದು ಹದಿಮೂರು ತಿಂಗಳು ಹಿಡೀತು ಸಾರ್. ಆದ್ರೆ ಸರ್ಕಾರದ ದುಡ್ಡು, ಬಂದೇ ಬರುತ್ತೆ. ಒಂದು ರೂಪಾಯಿ ಮುಳುಗಲ್ಲ" ಅಂದ.

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. ಮುಳುಗಲ್ಲ ಅಂತ ನನಗೂ ಗೊತ್ತು ಅಂಕಲ್, ಅಂದ್ರು. ಆದರೆ ಕಂತು 90 ದಿನ ಮೀರಿ ಬಾಕಿ ನಿಂತ್ರೆ ಆ ಖಾತೆ ಎನ್‌ಪಿಎ. ಬಿಲ್ ಹದಿಮೂರನೇ ತಿಂಗಳಿಗೆ ಬರುತ್ತೆ, ಖಾತೆ ನಾಲ್ಕನೇ ತಿಂಗಳಿಗೆ ಕೆಡುತ್ತೆ, ಮೇಲಿನವರು ಕೇಳೋದು ನನ್ನನ್ನ. ಗ್ಯಾರಂಟಿ ಟ್ರಸ್ಟ್ ಪೂರ್ತಿ ಕೊಡಲ್ಲ, ಕೊಡೋದಕ್ಕೂ ಮೊದಲು ಖಾತೆ ಕೆಟ್ಟಿರಬೇಕು. "ಮುದ್ರಾದಲ್ಲಿ ಕಿಶೋರ್ ಅಂತ ಇದೆ, 2 ಲಕ್ಷ ಮಾಡಿಕೊಡ್ತೀನಿ. ಒಂದು ವರ್ಷ ಸರಿಯಾಗಿ ಕಟ್ಟಿ. ಹಿಸ್ಟರಿ ಆಗುತ್ತೆ. ಆಮೇಲೆ ಜಾಸ್ತಿ ಮಾಡೋಣ."

ಅಪ್ಪ ಫಾರಂ ತಗೊಂಡು ಫೈಲಿನಲ್ಲಿಟ್ಟ. ಅದನ್ನ ತುಂಬಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. 2 ಲಕ್ಷಕ್ಕೆ ಎರಡು ಕೊಠಡಿಯ ಮೋಲ್ಡಿಂಗಿನ ಕಂಬಿಯೂ ಬರಲ್ಲ. ಈಗ ಯೋಚನೆ ಮಾಡಿದ್ರೆ ನಾವು ಮಾಡಿದ ದೊಡ್ಡ ತಪ್ಪು ಅದೇ. ಆ 2 ಲಕ್ಷ ತಗೋಬೇಕಿತ್ತು. ಆ ಹುಡುಗ ಕೈಲಾದಷ್ಟು ದೊಡ್ಡ ಬಾಗಿಲೇ ತೆಗೆದಿದ್ದ, ಅವಮಾನ ಆಯ್ತು ಅಂತ ನಾವು ಎದ್ದು ಬಂದ್ವಿ.

ಹೊರಗೆ ಬಂದು ಅಪ್ಪ ಕಬ್ಬಿನ ಹಾಲು ಕೊಡಿಸಿದ. ಆಲ್ಬಮ್ ತೋರಿಸೋಕೆ ಆಗ್ಲಿಲ್ಲ ಅಂದ. ನಾನು ಸಂಜೆ ಟ್ರೈನು ಹತ್ತಿದೆ. ಕ್ಯಾತ್ಸಂದ್ರದಲ್ಲಿ ಬ್ಯಾಂಕಿನ ಆಪ್ ತೆರೆದೆ. ಎಷ್ಟು ಬೇಕು, ಎಷ್ಟು ವರ್ಷಕ್ಕೆ ಬೇಕು, ಓಟಿಪಿ. 'ಸಾಲದ ಉದ್ದೇಶ' ಅಂತ ಒಂದು ಪಟ್ಟಿ ಇತ್ತು: ಮದುವೆ, ಪ್ರವಾಸ, ಮನೆ ರಿಪೇರಿ, ವೈದ್ಯಕೀಯ, ಇತರೆ. ಶಾಲೆ ಕಟ್ಟೋದು ಅಂತ ಇರಲಿಲ್ಲ, 'ಇತರೆ' ಒತ್ತಿದೆ. ದಾಬಸ್‌ಪೇಟೆ ದಾಟೋ ಹೊತ್ತಿಗೆ ನನ್ನ ಖಾತೆಗೆ 8 ಲಕ್ಷ ಬಂದು ಬಿದ್ದಿತ್ತು, ಅವರ ಪ್ರೊಸೆಸಿಂಗ್ ಫೀಸ್ ಮುರ್ಕೊಂಡು.

ಬ್ಯಾಂಕು ಅದೇ, ಮೊತ್ತ ಅದೇ, ಕೊಠಡಿಗಳೂ ಅವೇ. ಅಪ್ಪನಿಗಿರೋ ಅನುಭವದಲ್ಲಿ ಹತ್ತನೇ ಒಂದು ಭಾಗ ನನಗಿಲ್ಲ, ನಾಳೆ ಕಂಪನಿಯಲ್ಲಿ ಲೇಆಫ್ ಆದ್ರೆ ಕಟ್ಟೋಕೆ ನನ್ನ ಹತ್ತಿರ ಏನೂ ಇಲ್ಲ. ಆದರೆ ತಿಂಗಳ ಕೊನೇ ದಿನ ನನ್ನ ಖಾತೆಗೆ ಸಂಬಳ ಬೀಳುತ್ತೆ, ಅದು ಬ್ಯಾಂಕಿನ ಕಂಪ್ಯೂಟರಿಗೆ ಕಾಣುತ್ತೆ. ಬ್ಯಾಂಕು ನಂಬಿದ್ದು ನನ್ನನ್ನಲ್ಲ, ಆ ತಾರೀಖನ್ನ.

ಅಪ್ಪನಿಗೆ ಹೇಳೋದೇ ಕಷ್ಟ ಆಯ್ತು. ಮೊದಲು ಬೈದ. ಆಮೇಲೆ ಸುಮ್ಮನಾದ. ಆಮೇಲೆ, "ಬಡ್ಡಿ ಎಷ್ಟು?" ಅಂದ. "ವರ್ಷಕ್ಕೆ ಹನ್ನೆರಡು." ಅವನು ಮನಸ್ಸಿನಲ್ಲೇ ತಿಂಗಳಿಗೆ ಇಳಿಸಿದ್ದು ಫೋನಿನಲ್ಲೂ ಗೊತ್ತಾಯ್ತು. "ನೂರಕ್ಕೆ ಒಂದೇ ರೂಪಾಯಿನಾ?" ಆ ದನಿ ನನಗೆ ಇವತ್ತಿಗೂ ಮರೆತಿಲ್ಲ. ನೂರಕ್ಕೆ ಒಂದು ರೂಪಾಯಿಗೆ ದುಡ್ಡು ಸಿಗೋ ಊರು ಎಪ್ಪತ್ತು ಕಿಲೋಮೀಟರ್ ದೂರದಲ್ಲೇ ಇತ್ತು ಅನ್ನೋದು ಅವನಿಗೆ ಆವತ್ತು ಗೊತ್ತಾಗಿದ್ದು.

ಮುಂದಿನ ವಾರ ಊರಿಗೆ ಹೋದಾಗ ಅಪ್ಪನ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಟೀವಿ ಮೇಲಿತ್ತು. ಸಾಲಗಾರರ ಪುಟ. ಹಾರ್ಡ್‌ವೇರ್, ಚೀಟಿ, ಸೆಂಟ್ರಿಂಗ್ ಬಾಡಿಗೆ. ಅವುಗಳ ಕೆಳಗೆ ಅದೇ ಕೈಬರಹದಲ್ಲಿ: ಪುಟ್ಟಿ — 8,00,000 — 1 ರೂ.

ಡಿಸೆಂಬರಿನಲ್ಲಿ ಪಾಯ ಎದ್ದಿತು. ಜನವರಿಯಿಂದ ಕಂತು. ಪ್ರತಿ ತಿಂಗಳು 4ನೇ ತಾರೀಖು ರಾತ್ರಿ ಅಪ್ಪನಿಂದ ಫೋನ್‌ಪೇ ಬರೋದು, ಸರಿಯಾಗಿ 17,796. ಅಪ್ಪ, ನಾನೇ ಕಟ್ಕೋತೀನಿ ಅಂದ್ರೆ, "ಲೆಕ್ಕ ಲೆಕ್ಕನೇ ಕಣಮ್ಮ" ಅನ್ನೋನು. ಮಾರ್ಚ್‌ನಲ್ಲಿ 7 ಲಕ್ಷದ ಒಂದು ಪಾರ್ಟ್ ಬಿಲ್ ಆಯ್ತು, ನಾವೆಲ್ಲ ಗೆದ್ದೆವು ಅಂದ್ಕೊಂಡ್ವಿ. ತಿಂಗಳ ಕೊನೆಗೆ ಚುನಾವಣೆಯ ನೀತಿಸಂಹಿತೆ ಬಂತು. ಮೇನಲ್ಲಿ ಸರ್ಕಾರ ಬದಲಾಯಿತು. ಅಪ್ಪ ಶಾಲೆ ಶುರುವಾಗೋ ಮೊದಲು ಕೆಲಸ ಮುಗಿಸಬೇಕು ಅಂತ ಅಂಗಡಿಯಲ್ಲಿ ಇನ್ನಷ್ಟು ಉದ್ರಿ ಮಾಡಿ, ಚೀಟಿ ಕೂಗಿ, ಮೇ ಕೊನೆಗೆ ಬಣ್ಣ ಹೊಡೆಸಿ ಬೀಗದಕೈ ಹೆಡ್‌ಮಾಸ್ಟರ ಕೈಗೆ ಕೊಟ್ಟ. ಮೇ ತಿಂಗಳ ಫೋನ್‌ಪೇ 10,000 ಬಂತು. ಜೂನ್‌ನಲ್ಲಿ ಬರಲಿಲ್ಲ.

ಕಂತು ನನಗೆ ಭಾರ ಆಗಿರಲಿಲ್ಲ, ಕಷ್ಟಪಟ್ಟು ಕಟ್ಟಬಹುದಿತ್ತು. ಆದರೂ ಏನೋ ಶುರುವಾಯ್ತು. ನಾನು ಮತ್ತೆ ರಾತ್ರಿ ಕೂತು ಓದೋಕೆ ಶುರುಮಾಡಿದೆ. ಟ್ರೆಡ್ಸ್ ಅಂತ ಒಂದು ವ್ಯವಸ್ಥೆ ಇದೆ ಅಪ್ಪ, ನಿನ್ನ ಬಿಲ್ಲನ್ನ ಅಲ್ಲಿ ಹಾಕಿದ್ರೆ ಬ್ಯಾಂಕುಗಳು ಪೈಪೋಟಿಯಲ್ಲಿ ಮುಂಚೆನೇ ದುಡ್ಡು ಕೊಡ್ತವೆ, ದುಡ್ಡು ಕೊಡಬೇಕಾದವರು ಹೌದು ಅಂತ ಒಪ್ಪಿಕೊಂಡ್ರೆ ಸಾಕು, ಅಂದೆ. "ಯಾರು, ಇಂಜಿನಿಯರ್ ಸಾಹೇಬ್ರು ಒಪ್ಪಿಕೊಂಡು ಕಂಪ್ಯೂಟ್ರಲ್ಲಿ ಒತ್ತಬೇಕಾ?" "ಅವರ ಇಲಾಖೆ." ಅಪ್ಪ ಜೋರಾಗಿ ನಕ್ಕ. ಎಂ.ಬಿ.ಗೆ ಸೈನ್ ಹಾಕಿಸೋಕೇ ಐದು ಸಲ ಬಾಗಿಲು ಕಾದಿದ್ದ. ನೋಡಿದ್ರೆ ಆ ಇಲಾಖೆ ಅಲ್ಲಿ ಇರಲೇ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದೊಳಗೆ ಪಾವತಿ ಆಗಬೇಕು, ತಡವಾದ್ರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು ಅಂತಿದೆ ಅಂದೆ. ಕಟ್ಟಡ ಕಾಮಗಾರಿಯ ಗುತ್ತಿಗೆ ಅದರಡಿ ಬರಲ್ಲ ಅಂತ ಬಾಂಬೆ ಹೈಕೋರ್ಟ್ ಹೇಳಿರೋದೂ ಓದಿದ್ದೆ, ಅದನ್ನ ಹೇಳಲಿಲ್ಲ. ಹೇಳೋ ಅಗತ್ಯವೂ ಬೀಳಲಿಲ್ಲ. "ಕೇಸ್ ಹಾಕಿದೋನಿಗೆ ಮುಂದಿನ ಟೆಂಡರು ಯಾರು ಕೊಡ್ತಾರಮ್ಮ?" ಅಂದ.

ಅದೇ ಮಳೆಗಾಲದಲ್ಲಿ ನಾನು ನನಗೊಂದು ಚಿಕ್ಕ ಫ್ಲಾಟ್ ನೋಡ್ತಿದ್ದೆ. ಹೋಮ್ ಲೋನಿನವರು ಹಾಲಿ ಕಂತನ್ನ ನನ್ನ ಸಂಬಳದಿಂದ ಕಳೆದು ಲೆಕ್ಕ ಹಾಕಿದ್ರು. 17,796ರ ಆ ಒಂದು ಕಂತಿನಿಂದ ನನಗೆ ಸಿಗಬೇಕಾದ ಮನೆ ಸಾಲ ಹತ್ತಿರ ಹತ್ತಿರ 20 ಲಕ್ಷ ಕಮ್ಮಿ. ಅಪ್ಪನಿಗೆ 8 ಲಕ್ಷ ಕೊಟ್ಟದ್ದಕ್ಕೆ ನನಗೆ 20 ಲಕ್ಷ ಖೋತಾ. ಈ ಮಾತನ್ನ ನಾನು ಅಪ್ಪನಿಗೆ ಹೇಳಿಲ್ಲ. ಆದರೆ ಹೇಳದೇ ಇದ್ದ ಮಾತು ದನಿಯಲ್ಲಿ ಬರುತ್ತೆ ಅಂತ ಕಾಣುತ್ತೆ. ಊರಿಗೆ ಫೋನ್ ಮಾಡಿದಾಗ 'ಊಟ ಆಯ್ತಾ' ಅಂತ ಕೇಳ್ತಿದ್ದೋಳು ಯಾವಾಗಿನಿಂದಲೋ ಮೊದಲು 'ಬಿಲ್ ಬಂತಾ' ಅಂತ ಕೇಳೋಕೆ ಶುರುಮಾಡಿದ್ದೆ.

ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಒಂದು ಭಾನುವಾರ ಅಮ್ಮ ಹೇಳಿದ್ಲು. "ನಿನ್ನ ಫೋನು ಹೊಡ್ಕೊಂಡ್ರೆ ನಿಮ್ಮಪ್ಪ ಹಿತ್ತಲಿಗೆ ಹೋಗಿಬಿಡ್ತಾರೆ ಕಣೆ." ನಾನು ಚಿಕ್ಕವಳಿದ್ದಾಗ ಹಾರ್ಡ್‌ವೇರ್ ಅಂಗಡಿಯವರ ಸ್ಕೂಟರ್ ಸದ್ದು ಕೇಳಿದ್ರೆ ಅಪ್ಪ ಹಿತ್ತಲಿಗೆ ಹೋಗ್ತಿದ್ದ. 'ಅಪ್ಪ ಮನೇಲಿಲ್ಲ ಅಂಕಲ್' ಅಂತ ಹೇಳೋ ಕೆಲಸ ನನ್ನದಾಗಿತ್ತು.

ಆಮೇಲೆ ನಾನು ಬಿಲ್ಲಿನ ವಿಷಯ ಎತ್ತಲಿಲ್ಲ. ಎತ್ತದೇ ಇದ್ದದ್ದೂ ಇಬ್ಬರಿಗೂ ಕೇಳಿಸ್ತಿತ್ತು.

ಹೊಸ ಕೊಠಡಿಯಲ್ಲಿ ಒಂದನೇ ತರಗತಿಗೆ ಕೂತ ಮಕ್ಕಳು ಎರಡನೇ ತರಗತಿಗೆ ಹೋದ್ರು. 2024ರ ಜುಲೈನಲ್ಲಿ, ಕೆಲಸ ಮುಗಿದ ಹದಿನಾಲ್ಕು ತಿಂಗಳಿಗೆ ಬಿಲ್ ಬಂತು. ಇಡೀ ಕೆಲಸದ ಮೇಲೆ ಆದ ಕಡಿತ ಕೂಡಿಸಿ ನೋಡಿದೆ. ಆದಾಯ ತೆರಿಗೆ ಶೇ. 1, ಜಿಎಸ್‌ಟಿ ಟಿಡಿಎಸ್ ಶೇ. 2, ಕಾರ್ಮಿಕ ಸೆಸ್ ಶೇ. 1, ಭದ್ರತಾ ಠೇವಣಿ ಶೇ. 5, ಮೇಲೆ ಮರಳು ಜಲ್ಲಿಯ ರಾಯಲ್ಟಿ. ಕೆಲವು ಆಮೇಲೆ ವಾಪಸ್ ಬರೋ ದುಡ್ಡೇ. ಬರೋ ತಾರೀಖು ಮಾತ್ರ ಕೇಳಬೇಡಿ.

ಅಪ್ಪ ಮೊದಲು ತೀರಿಸಿದ್ದು ಹಾರ್ಡ್‌ವೇರ್ ಅಂಗಡಿಯ 6 ಲಕ್ಷ, ಪೂರ್ತಿ. ನನಗೆ 3 ಲಕ್ಷ ಹಾಕಿದ, ಉಳಿದದ್ದು ತಿಂಗಳಿಗೆ ಹತ್ತು ಹತ್ತು ಸಾವಿರ ಅಂದ. ನನಗೆ ಸಿಟ್ಟು ಬಂತು. ಅಂಗಡಿಯವನು ಮೊದಲು, ಮಗಳು ಆಮೇಲೆ? ಎರಡು ದಿನ ಮುಖ ಊದಿಸ್ಕೊಂಡಿದ್ದೆ. ಮೂರನೇ ದಿನ ಆಫೀಸ್ ಬಸ್ಸಿನಲ್ಲಿ ಕೂತಿದ್ದಾಗ ಹೊಳೀತು. ಮುಂದಿನ ಕೆಲಸಕ್ಕೆ ಯಾರ ಹತ್ತಿರ ಕೇಳಬೇಕೋ ಅವರ ಬಾಕಿಯನ್ನ ಕಂಟ್ರಾಕ್ಟರ್ ಆದವನು ಮೊದಲು ತೀರಿಸ್ತಾನೆ. ಅಪ್ಪ ಇನ್ನು ನನ್ನ ಹತ್ತಿರ ಕೇಳಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದ.

ಆ ವರ್ಷದ ರಿಟರ್ನ್ಸಿನಲ್ಲಿ ಬಂದ ಲಾಭವನ್ನ ಬಂದ ಹಾಗೇ ಬರೀರಿ ಅಂತ ಅಪ್ಪನೇ ಆಡಿಟರಿಗೆ ಹೇಳಿದನಂತೆ. ಜಾಸ್ತಿ ತೋರಿಸೋದು ಯಾಕೆ ಅಂತ ಅವರು ಎರಡು ಸಲ ಕೇಳಿದ್ರಂತೆ. ಫೈಲಿನಲ್ಲೇ ಇದ್ದ ಆ ಹಳೇ ಫಾರಂ ತಗೊಂಡು ಬ್ಯಾಂಕಿಗೂ ಹೋಗಿದ್ದಾನೆ. ಅಷ್ಟರಲ್ಲಿ ಆ ಮ್ಯಾನೇಜರ್ ವರ್ಗ ಆಗಿದ್ರು, ಹೊಸಬರು ಹೊಸ ಫಾರಂ ಕೊಟ್ಟರು. ಮುದ್ರಾ 2 ಲಕ್ಷ ಸಿಕ್ತು. ಕಂತು ಒಂದೂ ತಪ್ಪಿಸಿಲ್ಲ. ಮೊನ್ನೆ ನಾನು ಅವನ ಫೋನಿನಲ್ಲಿ ಸಿಬಿಲ್ ನೋಡಿದೆ, 731. "ಪಾಸಾ?" ಅಂತ ಕೇಳಿದ. ಫಸ್ಟ್ ಕ್ಲಾಸು ಅಂದೆ.

ಇದೆಲ್ಲ ಆಗಿದ್ದು ಈ ಸಲ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ. ಅಮ್ಮ ಬಾಗಿನದ ಮೊರ ಹಿಡ್ಕೊಂಡು ಬಂದು ನನ್ನ ಮುಂದೆ ಕೂತಳು. ಸೆರಗು ಸರಿದಾಗ ನೋಡಿದೆ. ಕುತ್ತಿಗೆಯಲ್ಲಿ ಕರಿಮಣಿ ಮಾತ್ರ ಇತ್ತು.

ಅಮ್ಮನ್ನ ಏನೂ ಕೇಳಲಿಲ್ಲ. ಬಾಗಿನ ತಗೊಂಡು, ನಮಸ್ಕಾರ ಮಾಡಿ, ಜಗಲಿಗೆ ಬಂದೆ. ಅಪ್ಪ ಸ್ಪ್ಲೆಂಡರಿನ ಚೈನಿಗೆ ಎಣ್ಣೆ ಬಿಡ್ತಿದ್ದ.

"ಯಾವ ಕೆಲಸ ಅಪ್ಪ?"

"ಚರಂಡಿ ಕಣಮ್ಮ," ಅಂದ, ತಲೆ ಎತ್ತದೆ. "ಮುನ್ನೂರು ಮೀಟ್ರು."